ಮೀಸೆ ಹಚ್ಚಿಕೊಂಡ ಗೆಳತಿ

ಶಿರಾ ಗೇಟ್‌ನ ಹೆಸರಿನಲ್ಲಿ ಗೇಟ್ ಇದೆ, ದಾರಿಯಲ್ಲಿ ಇಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆಗೆ ಹೊರಟವರು ತುಮಕೂರಿನ ಈ ಅಂಚನ್ನು ದಾಟುವಾಗ ಯಾವ ಬಾಗಿಲೂ ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಗುಬ್ಬಿಯ ದಾರಿಯಲ್ಲಿ ಅಂಥದೇ ಇನ್ನೊಂದು ಹೆಸರು, ಗುಬ್ಬಿ ಗೇಟ್. ಈ ಎರಡು ದಾರಿಗಳ ಆಸುಪಾಸಿನಲ್ಲಿ, ನಗರದಿಂದ ಇಪ್ಪತ್ತು ಕಿಲೋಮೀಟರ್ ಆಚೀಚೆಗೆ, ಎರಡು ಊರುಗಳಿವೆ: ಒಂದು ಗುಬ್ಬಿ, ಇನ್ನೊಂದು ಬೆಳ್ಳಾವಿ. ಗುಬ್ಬಿ ಕನ್ನಡಕ್ಕೆ ಒಂದು ನಾಟಕ ಕಂಪನಿಯನ್ನು ಕೊಟ್ಟಿತು. ಬೆಳ್ಳಾವಿ ಆ ಕಂಪನಿಗೆ ಒಬ್ಬ ನಾಟಕಕಾರನನ್ನು ಕೊಟ್ಟಿತು. ಹೆಣ್ಣು ಹೆಣ್ಣಿಗೆ ಮನಸೋಲುವ ನಗೆಯ ಕಥೆಗೆ ನಮ್ಮಲ್ಲಿ ಹಿಂದಿನವರು ಯಾರೂ ಇಲ್ಲವೇ ಎಂದು ಹುಡುಕುವವರು ಈ ಎರಡು ಊರುಗಳಿಂದ ಹೊರಡಬಹುದು.

ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಈಗ ಅಂಥ ಕಥೆಗೇ ಒಂದು ಕಪಾಟು ಮೀಸಲು. ಓದುವ ಕಾಲದಲ್ಲಿ ಜೀವಕ್ಕೆ ಜೀವ ಎಂಬಂತಿದ್ದ ಇಬ್ಬರು ಹುಡುಗಿಯರು ಯಾವುದೋ ಮಾತಿಗೆ ಮುನಿದು ದೂರಾಗುತ್ತಾರೆ. ವರ್ಷಗಳಾದ ಮೇಲೆ ಯಾರದೋ ಮದುವೆಯಲ್ಲಿ ಎದುರಾಗುತ್ತಾರೆ. ಜಗಳ, ಪೇಚಾಟ, ನಗು, ಕೊನೆಗೆ ಪ್ರೀತಿ. ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿ ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಹಾಡುಗಳನ್ನು ಕಟ್ಟಿದ ಸ್ಯಾಫೋ ಎಂಬ ಕವಿಯ ಹೆಸರಿನಿಂದ ಈ ಬಗೆಗೆ ‘ಸ್ಯಾಫಿಕ್’ ಎಂಬ ಹೆಸರು ಬಂದಿದೆ.

ಕನ್ನಡದಲ್ಲಿ ಕಪಾಟು ಹುಡುಕುವುದಕ್ಕಿಂತ ಚಪ್ಪರ ಹುಡುಕುವುದು ಲೇಸು. ಮದುವೆಯ ಚಪ್ಪರ, ಜಾತ್ರೆಯ ಚಪ್ಪರ, ನಾಟಕದ ಚಪ್ಪರ.

ಮೊದಲು ಮದುವೆಯದು. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಸೇರಿ 1909ರಲ್ಲಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದರು. ಅದರಲ್ಲಿ ಬ್ರಾಹ್ಮಣ ಮದುವೆಗಳ ವಿವರ ಬರುವಲ್ಲಿ ಒಂದು ಆಟದ ವರ್ಣನೆಯಿದೆ. ಮದುವೆಯ ಕೊನೆಯ ದಿನಗಳಲ್ಲಿ ಮದುಮಗಳಿಗೆ ಗಂಡುಹುಡುಗನ ಉಡುಪು ತೊಡಿಸುತ್ತಾರೆ. ಇನ್ನೊಬ್ಬ ಹುಡುಗಿಗೆ ಮದುಮಗಳ ಅಲಂಕಾರ ಮಾಡುತ್ತಾರೆ. ಈ ‘ದಂಪತಿ’ಯನ್ನು ಬೀದಿಯಲ್ಲಿ ಮೆರವಣಿಗೆ ಮಾಡಿಸಿ ಕರೆತರುತ್ತಾರೆ. ಮನೆಗೆ ಬಂದಮೇಲೆ ವೇಷದ ಗಂಡು ನಿಜವಾದ ಗಂಡಿನ ಎದುರು ಸೆಟೆದು ನಿಂತು ದರ್ಪದಿಂದ ಮಾತಾಡಬೇಕು. ಅವನನ್ನು ತನ್ನ ಕುದುರೆಯಾಳು ಎನ್ನಬೇಕು, ಗುಮಾಸ್ತ ಎನ್ನಬೇಕು. ಒಮ್ಮೊಮ್ಮೆ ಅವನನ್ನು ಕಳ್ಳನೆಂದು ಹಿಡಿದು ನಿಲ್ಲಿಸಿ, ತೀರ್ಪನ್ನೂ ಕೊಡಬೇಕು.

ಓದುವಾಗ ನಗು ಬರುತ್ತದೆ. ಬರಬೇಕೆಂದೇ ಆಟ. ಆದರೆ ಆ ಕಾಲದ ಮದುಮಗಳ ವಯಸ್ಸು ನೆನಪಾದರೆ ನಗು ಸ್ವಲ್ಪ ತಡೆಯುತ್ತದೆ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಗೆ ಕಾನೂನು ತಂದಾಗ ಅದು ಕೇಳಿದ್ದು ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬೇಡಿ ಎಂದು, ಐವತ್ತು ದಾಟಿದವರು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳಬೇಡಿ ಎಂದು. ಅಷ್ಟನ್ನು ಕಾನೂನು ಮಾಡಿ ಹೇಳಬೇಕಾಗಿತ್ತು. ಹಾಗಾಗಿ ಗಂಡುಡುಗೆ ತೊಟ್ಟು ಮೆರವಣಿಗೆ ಹೊರಟವಳು ಬಹುಪಾಲು ಮಗುವೇ. ಪಕ್ಕದಲ್ಲಿ ಮದುಮಗಳಾಗಿ ಕೂತವಳೂ ಅವಳ ಓರಗೆಯ ಮಗುವೇ ಇದ್ದಾಳು. ನಾಳೆಯಿಂದ ಗಂಡನಿಗೆ ತಗ್ಗಿ ನಡೆಯಬೇಕಾದವಳಿಗೆ ಇವತ್ತೊಂದು ದಿನ ಅವನನ್ನು ಕಳ್ಳನೆಂದು ವಿಚಾರಣೆ ಮಾಡುವ ಅಧಿಕಾರ.

ಈ ಆಟದ ಅಕ್ಕಪಕ್ಕದಲ್ಲಿ ಇನ್ನೂ ಕೆಲವು ಆಟಗಳಿದ್ದವು. ಗೊಂಬೆ ಮದುವೆಯಲ್ಲಿ ಇಬ್ಬರು ಗೆಳತಿಯರು ಬೀಗಿತ್ತಿಯರಾಗಿ, ಗಂಡಿನ ಕಡೆಯವಳು ಬಿಂಕ ಮಾಡಿ, ಹೆಣ್ಣಿನ ಕಡೆಯವಳು ಮುನಿದು, ಸಂಜೆಯ ಹೊತ್ತಿಗೆ ‘ಟೂ’ ಬಿಟ್ಟು ಮನೆಗೆ ಹೋಗುವುದು ಸಾಮಾನ್ಯ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಹಳ್ಳಿಗಳಲ್ಲಿ ಮಳೆ ಮದುವೆ ಇಂದಿಗೂ ನಡೆಯುತ್ತದೆ. ಇಬ್ಬರು ಗಂಡುಮಕ್ಕಳನ್ನೋ ಇಬ್ಬರು ಹೆಣ್ಣುಮಕ್ಕಳನ್ನೋ ಕೂರಿಸಿ, ಒಬ್ಬರಿಗೆ ಗಂಡಿನ ವೇಷ, ಇನ್ನೊಬ್ಬರಿಗೆ ಹೆಣ್ಣಿನ ವೇಷ ಹಾಕಿ, ಊರವರೆಲ್ಲ ಸೇರಿ ಶಾಸ್ತ್ರ ಮಾಡಿ, ಊಟ ಹಾಕುತ್ತಾರೆ. 2023ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಗಂಗೇನಹಳ್ಳಿಯಲ್ಲಿ ಇಬ್ಬರು ಹುಡುಗರಿಗೆ ಹೀಗೆ ಮದುವೆ ಮಾಡಿದ್ದು ಪತ್ರಿಕೆಗಳಲ್ಲಿ ಬಂತು. ಒಂದೇ ಲಿಂಗದ ಇಬ್ಬರ ಮದುವೆಗೆ ಕಾನೂನಿನ ಮಾನ್ಯತೆ ಕೊಡಬೇಕೇ ಎಂಬ ಪ್ರಶ್ನೆಯ ಮೇಲೆ ಅದೇ ಹೊತ್ತಿಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಾದ ಕೇಳಿ ಮುಗಿಸಿ ತೀರ್ಪು ಕಾದಿರಿಸಿತ್ತು. ಗಂಗೇನಹಳ್ಳಿಯವರಿಗೆ ಬೇಕಿದ್ದದ್ದು ಮಳೆ.

ಆಟವಾದರೆ ಅಡ್ಡಿಯಿಲ್ಲ, ಹರಕೆಯಾದರೂ ಅಡ್ಡಿಯಿಲ್ಲ. ಈ ಷರತ್ತನ್ನು ನಮ್ಮ ಪುರಾಣದ ಕಥೆಗಳೂ ಬಲ್ಲವು.

ಮಹಾಭಾರತದ ಉದ್ಯೋಗಪರ್ವದಲ್ಲಿ ಭೀಷ್ಮ ದುರ್ಯೋಧನನಿಗೆ ಶಿಖಂಡಿಯ ಕಥೆ ಹೇಳುತ್ತಾನೆ. ದ್ರುಪದನಿಗೆ ಹುಟ್ಟಿದ್ದು ಹೆಣ್ಣು, ಲೋಕಕ್ಕೆ ಹೇಳಿದ್ದು ಗಂಡು. ಬೆಳೆದ ‘ಮಗ’ನಿಗೆ ದಶಾರ್ಣದ ರಾಜ ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡಿದರು. ಗುಟ್ಟು ಎಷ್ಟು ದಿನ ನಿಂತೀತು? ಹುಡುಗಿ ದಾದಿಯರಿಗೆ ಹೇಳಿದಳು, ದಾದಿಯರು ತವರಿಗೆ ಹೇಳಿಕಳಿಸಿದರು, ಬೀಗರು ದಂಡು ಕಟ್ಟಿ ಹೊರಟರು. ತನ್ನಿಂದಾಗಿ ಅಪ್ಪನಿಗೆ ಬಂದ ಸಂಕಟ ನೋಡಲಾಗದೆ ಶಿಖಂಡಿನಿ ಕಾಡು ಸೇರಿ ಪ್ರಾಣ ಬಿಡಲು ಕೂತಳು. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷ ಕನಿಕರಪಟ್ಟು ತನ್ನ ಗಂಡುತನವನ್ನು ಕೈಸಾಲ ಕೊಟ್ಟ. ಬೀಗರು ಪರೀಕ್ಷೆ ಮಾಡಿಸಿ, ತೃಪ್ತರಾಗಿ, ಮಗಳನ್ನೇ ಬೈದು ಹೋದರು. ಸಾಲ ತೀರಿಸಲು ಶಿಖಂಡಿ ಮರಳಿ ಬರುವಷ್ಟರಲ್ಲಿ ಕುಬೇರನ ಶಾಪದಿಂದ ಯಕ್ಷ ಹೆಣ್ಣಾಗಿಯೇ ಉಳಿಯಬೇಕಾಗಿತ್ತು. ಯುದ್ಧದ ನೆರಳಿನಲ್ಲಿ ಹೇಳಿದ ಈ ಕಥೆಯೊಳಗೆ ಒಂದು ಇಡೀ ಪ್ರಹಸನ ಅಡಗಿದೆ. ದಶಾರ್ಣದ ಹುಡುಗಿಗೆ ಏನನ್ನಿಸಿತು ಎಂದು ಮಾತ್ರ ಅದರಲ್ಲಿ ಯಾರೂ ಕೇಳುವುದಿಲ್ಲ.

ಗುಬ್ಬಿಯ ರಸ್ತೆಯಲ್ಲೇ ಮುಂದಕ್ಕೆ ತಿಪಟೂರು, ಅರಸೀಕೆರೆ ದಾಟಿ ಹೋದರೆ ಕಡೂರು ಸಿಗುತ್ತದೆ. ಆ ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆ ಪ್ರಮೀಳೆಯ ಸ್ತ್ರೀರಾಜ್ಯಕ್ಕೆ ನುಗ್ಗುತ್ತದೆ. ಅಲ್ಲಿ ದೊರೆ ಹೆಣ್ಣು, ದಂಡು ಹೆಣ್ಣು. ಕುದುರೆಯ ಹಿಂದೆ ಬಂದ ಅರ್ಜುನ ಗೆಲ್ಲುವುದು ಕೈದುವಿನಿಂದಲ್ಲ, ಮದುವೆಗೆ ಒಪ್ಪಿಕೊಂಡು. ಹಳ್ಳಿಗಳ ಗಮಕ ವಾಚನದಲ್ಲೂ ಯಕ್ಷಗಾನದ ಮೇಳಗಳಲ್ಲೂ ಪ್ರಮೀಳೆ ಜನಪ್ರಿಯಳಾದಳು. ಹೆಣ್ಣುಗಳೇ ಆಳುವ ನಾಡನ್ನು ನೋಡಿ ಬೆರಗಾಗಬಹುದು, ಕಥೆ ಮುಗಿಯುವಾಗ ಅದರ ಬಾಗಿಲು ಹಾಕಿಬಿಡಬೇಕು.

ಅರೇಬಿಯನ್ ನೈಟ್ಸ್ ಕೂಡ ಇದೇ ಜಾಡು ಹಿಡಿಯುತ್ತದೆ. ಗಂಡನನ್ನು ಕಳೆದುಕೊಂಡ ಬುದೂರ್ ಅವನದೇ ಉಡುಪು ತೊಟ್ಟು ಹೋಗಿ, ಇನ್ನೊಂದು ದೇಶದ ರಾಜಕುಮಾರಿ ಹಯಾತ್ ಅಲ್‌ನುಫೂಸ್‌ಳನ್ನು ಮದುವೆಯಾಗಬೇಕಾಗುತ್ತದೆ. ಹಯಾತ್‌ಗೆ ನಿಜ ತಿಳಿದಾಗ ಅವಳು ದಶಾರ್ಣದ ಹುಡುಗಿಯ ಹಾಗೆ ತವರಿಗೆ ಹೇಳಿಕಳಿಸುವುದಿಲ್ಲ. ಗುಟ್ಟು ಕಾಪಾಡುತ್ತಾಳೆ. ಗಂಡ ಸಿಕ್ಕಿದ ಮೇಲೆ ಇಬ್ಬರೂ ಅವನ ಹೆಂಡಿರಾಗಿ, ಗೆಳತಿಯರು ಸವತಿಯರಾಗುತ್ತಾರೆ. ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ನಲ್ಲಿ ಗಂಡುವೇಷದ ವಯೋಲಾಳನ್ನು ಒಲಿವಿಯಾ ಮೆಚ್ಚುತ್ತಾಳೆ, ಅವಳನ್ನು ಪೇಚಿನಿಂದ ಪಾರುಮಾಡಲು ಕವಿ ವಯೋಲಾಳ ತದ್ರೂಪಿ ಅವಳಿ ಸೋದರನನ್ನು ಹಡಗಿನಿಂದ ಇಳಿಸಿಬಿಡುತ್ತಾನೆ. ಲಂಡನ್ನಿನಲ್ಲಿ 1602ರ ಫೆಬ್ರವರಿಯಲ್ಲಿ ಅದನ್ನು ನೋಡಿದವರ ಎದುರು ವಯೋಲಾ, ಒಲಿವಿಯಾ ಇಬ್ಬರೂ ಹುಡುಗರೇ. ಇಂಗ್ಲೆಂಡಿನ ವೃತ್ತಿರಂಗದಲ್ಲಿ ಆಗ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ.

ಕನ್ನಡ ರಂಗಭೂಮಿಯಲ್ಲೂ ಬಹುಕಾಲ ಇರಲಿಲ್ಲ.

ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣ ಹುಟ್ಟಿದ್ದು ಅದಾದ ಏಳು ವರ್ಷಕ್ಕೆ, 1891ರಲ್ಲಿ. ಬಾಲನಟನಾಗಿ ಸೇರಿದ ಹುಡುಗ 1917ರಲ್ಲಿ ಕಂಪನಿಯ ಯಜಮಾನನಾದ. ಕಂಪನಿ ನಾಟಕಗಳ ಮೊದಲ ದಶಕಗಳಲ್ಲಿ ಸೀತೆಯೂ ಗಂಡಸು, ದ್ರೌಪದಿಯೂ ಗಂಡಸು. ‘ಸ್ತ್ರೀ ಪಾರ್ಟು’ ಎಂಬುದು ಒಂದು ಕಸುಬು. ಸೀರೆ ಉಡುವ ಹದ, ಜಡೆ ಎಳೆದುಕೊಳ್ಳುವ ಬಿಂಕ, ಕೊರಳಿನ ಇನಿ ಎಲ್ಲ ಅಭ್ಯಾಸದಿಂದ ಬರಬೇಕಾದ್ದು. ಮರಾಠಿ ರಂಗದ ಬಾಲಗಂಧರ್ವರು ಉಟ್ಟ ಸೀರೆಯನ್ನು ನೋಡಿ ಮನೆತನಸ್ಥ ಹೆಂಗಸರು ತಮ್ಮ ಉಡುಗೆ ಬದಲಿಸಿಕೊಂಡರು ಎನ್ನುವಷ್ಟು ಆ ಕಸುಬಿಗೆ ಮಾನ್ಯತೆಯಿತ್ತು. ನಿಜವಾದ ಹೆಣ್ಣು ರಂಗಕ್ಕೆ ಬಂದರೆ ಮಾತ್ರ ಊರು ಹುಬ್ಬೇರಿಸುತ್ತಿತ್ತು.

ಆ ಹುಬ್ಬನ್ನು ಲೆಕ್ಕಿಸದೆ ವೀರಣ್ಣನವರು ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಸುಂದರಮ್ಮ, ಬಿ. ಜಯಮ್ಮ ಕಂಪನಿಯ ಹೆಸರಾದರು. ಇಬ್ಬರೂ ವೀರಣ್ಣನವರ ಸಂಸಾರಕ್ಕೆ ಸೇರಿದವರು. ಹೆಣ್ಣು ಹೆಣ್ಣಿನ ಪಾತ್ರ ಮಾಡುವುದೇ ಹೊಸತಾಗಿದ್ದ ಕಾಲ ಅದು. 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ ಕಂಪನಿಗೆ ಜನರನ್ನು ಬೆರಗುಗೊಳಿಸುವ ದಾರಿಗಳು ಗೊತ್ತಿದ್ದವು. ಆದರೆ ಆ ವೈಭವದ ನಡುವೆಯೂ ಜನ ಮತ್ತೆ ಮತ್ತೆ ಕೇಳಿದ್ದು ‘ಸದಾರಮೆ’. ಬರೆದವರು ಬೆಳ್ಳಾವಿಯ ಆ ನಾಟಕಕಾರ, ಬೆಳ್ಳಾವೆ ನರಹರಿ ಶಾಸ್ತ್ರಿಗಳು. 1882ರಲ್ಲಿ ಹುಟ್ಟಿದ ಶಾಸ್ತ್ರಿಗಳೇ ಮುಂದೆ 1934ರ ‘ಸತಿ ಸುಲೋಚನಾ’ ವಾಕ್ಚಿತ್ರಕ್ಕೆ ಮಾತು, ಹಾಡು ಬರೆದರು.

ವ್ಯಾಪಾರಿಯ ಮಗಳು ಸದಾರಮೆ ರಾಜಕುಮಾರನ ಕೈಹಿಡಿಯುತ್ತಾಳೆ, ಅವನಿಂದ ಅಗಲುತ್ತಾಳೆ, ದಾರಿಯಲ್ಲಿ ಕಾಮುಕನೂ ಕಳ್ಳನೂ ಅಡ್ಡ ಬರುತ್ತಾರೆ. ಅವರನ್ನೆಲ್ಲ ತನ್ನ ಚುರುಕಿನಿಂದ ದಾಟಿ ಮತ್ತೆ ಗಂಡನನ್ನು ಸೇರುತ್ತಾಳೆ. ಅಗಲಿದವರು ಕೂಡುವ ಸುಖಾಂತ ನಾಟಕ. ಆದರೆ ಜನ ದುಡ್ಡು ಕೊಟ್ಟು ಬರುತ್ತಿದ್ದದ್ದು ರಾಜಕುಮಾರನನ್ನು ನೋಡಲು ಅಲ್ಲ, ಕಳ್ಳನನ್ನು ನೋಡಲು. ಸದಾರಮೆಯ ಮುಂದೆ ಬಡಿವಾರ ಕೊಚ್ಚಿ, ಅವಳಿಂದ ಮೋಸಹೋಗುವ ಆ ಪೆದ್ದು ಕಳ್ಳ ಸಾಕ್ಷಾತ್ ವೀರಣ್ಣನವರು.

ವೀರಣ್ಣನವರ ಮಗಳು ಮಾಲತಮ್ಮ. ಮಾಲತಮ್ಮನವರ ಮಗಳು ಬಿ. ಜಯಶ್ರೀ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ಅಜ್ಜನ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಜಯಶ್ರೀ ಆರಿಸಿಕೊಂಡದ್ದು ಸದಾರಮೆಯನ್ನಲ್ಲ, ಅಜ್ಜನ ಕಳ್ಳನನ್ನು. ಪೊಗದಸ್ತಾದ ಕಂಠ, ಗತ್ತಿನ ನಡಿಗೆ. ಹೀಗೆ ಗುಬ್ಬಿಯ ನಗೆನಾಟಕದಲ್ಲಿ ಸದಾರಮೆಗೆ ಮನಸೋತು ಹಲ್ಲುಗಿಂಜುವ ಕಳ್ಳನೂ ಹೆಣ್ಣು, ಅವನನ್ನು ಆಡಿಸಿ ಓಡಿಸುವ ಸದಾರಮೆಯೂ ಹೆಣ್ಣು. ನೋಡಲು ಬಂದವರು ಅದನ್ನು ಮರೆಯುವುದೂ ಇಲ್ಲ, ಅದಕ್ಕೆ ಮುಜುಗರಪಡುವುದೂ ಇಲ್ಲ. ಅಜ್ಜನ ಪಾತ್ರಕ್ಕೆ ಮೊಮ್ಮಗಳು ಎಂಬ ಹೆಮ್ಮೆ ಉಳಿದೆಲ್ಲವನ್ನೂ ಮುಚ್ಚುತ್ತದೆ. ಜಯಶ್ರೀ 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. 2013ರಲ್ಲಿ ಪದ್ಮಶ್ರೀ ಬಂತು.

ಇಡೀ ಕಂಪನಿಯನ್ನೇ ಹೆಣ್ಣುಮಕ್ಕಳಿಂದ ಕಟ್ಟಿದವರು ಇನ್ನೊಬ್ಬರು. ಮೈಸೂರಿನ ಆರ್. ನಾಗರತ್ನಮ್ಮ, ಹಲವು ವೃತ್ತಿ ಕಂಪನಿಗಳಲ್ಲಿ ದುಡಿದು ಪಳಗಿ, 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಶುರುಮಾಡಿದರು. ಅಲ್ಲಿ ಕೃಷ್ಣನೂ ಹೆಣ್ಣು, ರುಕ್ಮಿಣಿಯೂ ಹೆಣ್ಣು. ನಾಗರತ್ನಮ್ಮನವರ ಪಾಲಿಗೆ ಬಂದದ್ದು ಭಾರೀ ತೂಕದ ಗಂಡುಪಾತ್ರಗಳು: ಕಂಸ, ರಾವಣ, ದುರ್ಯೋಧನ, ಭೀಮ. ಮೀಸೆ ಅಂಟಿಸಿ, ಕಿರೀಟ ಇಟ್ಟು, ಗದೆ ಹೆಗಲಿಗೇರಿಸಿ ರಂಗಕ್ಕೆ ಬಂದರೆ ಹಿಂದಿನ ಸಾಲಿನವರೆಗೂ ದನಿ ಕೇಳಬೇಕು. ಕಂಪನಿ ನಾಟಕದ ರಾಜನಿಗೆ ಮೈಕು ಆಮೇಲೆ ಬಂದದ್ದು.

ಈ ಮಂಡಳಿಯ ಚಾತುರ್ಯ ಒಂದು ಕ್ಷಣ ನಿಂತು ನೋಡುವಂಥದು. ಗಂಡು ಹೆಣ್ಣು ಒಟ್ಟಿಗೆ ರಂಗದ ಮೇಲೆ ಕೈ ಕೈ ಹಿಡಿದರೆ ಸಮಾಜಕ್ಕೆ ಇರುಸುಮುರುಸು. ನಟಿಯ ನಡತೆಯ ಬಗ್ಗೆ ಗುಸುಗುಸು. ಎಲ್ಲರೂ ಹೆಣ್ಣುಮಕ್ಕಳೇ ಆದರೆ ಆ ಬಾಯಿಗೆ ಬೀಗ. ಅರ್ಜುನನ ಕೈ ಸುಭದ್ರೆಯ ಹೆಗಲ ಮೇಲೆ ಬಿದ್ದರೆ ಅದು ಇಬ್ಬರು ಹೆಣ್ಣುಮಕ್ಕಳ ಮಾತು, ಅದರಲ್ಲೇನು ಬಂತು? ಹೆಣ್ಣು ಹೆಣ್ಣನ್ನು ಪ್ರೀತಿಸಬಹುದು ಎಂಬುದು ಊರಿನ ಕಲ್ಪನೆಗೇ ಬರುತ್ತಿರಲಿಲ್ಲವಾದ್ದರಿಂದ, ರಂಗದ ಮೇಲೆ ಅದನ್ನು ಟಿಕೆಟ್ಟಿಗೆ ತೋರಿಸಬಹುದಿತ್ತು. ಕಲ್ಪನೆಗೆ ಬಾರದ್ದು ಎಲ್ಲಕ್ಕಿಂತ ಸುರಕ್ಷಿತ. ನಾಗರತ್ನಮ್ಮನವರಿಗೆ 1992ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ ಸಂದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ರಂಗದ ಮೇಲಿನದು ವೇಷ. ಗೆಳೆತನ ವೇಷವಲ್ಲ. ಹಳಗನ್ನಡದಲ್ಲಿ ಗೆಳೆತನಕ್ಕೆ ‘ಕೆಳೆ’, ಗೆಳತಿಗೆ ‘ಕೆಳದಿ’. ಗೆಳತಿಯಿಲ್ಲದ ನಾಯಕಿ ನಮ್ಮ ಕಾವ್ಯಗಳಲ್ಲಿ ಸಿಗುವುದು ಅಪರೂಪ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ರಾಣಿಯ ಸಖಿಯಾಗಿದ್ದಳು. ಕವಿಯಾದದ್ದೂ ಆ ಆಪ್ತತೆಯ ನೆರಳಲ್ಲೇ. ವಿಪರ್ಯಾಸವೆಂದರೆ ಆ ಗೆಳೆತನದಿಂದ ಹುಟ್ಟಿದ ‘ಹದಿಬದೆಯ ಧರ್ಮ’ ಹೇಳುವುದು ಪತಿವ್ರತೆಯ ನಡತೆಯನ್ನು.

ಅರಮನೆಯ ಹೊರಗಿನ ಹೆಣ್ಣುಮಕ್ಕಳ ಗೆಳೆತನಕ್ಕೆ ಆಯುಷ್ಯ ಮದುವೆಯವರೆಗೆ ಮಾತ್ರ. ಹೆಣ್ಣು ಕೊಟ್ಟ ಊರು ಬೇರೆ, ಓರಗೆಯವಳನ್ನು ಕೊಟ್ಟ ಊರು ಬೇರೆ. ‘ಹಲಸಂಗಿಯ ಗೆಳೆಯರು’ ಎಂಬ ಬಳಗದವರು ಬೀಸುಕಲ್ಲಿನ ಮುಂದೆ ಕೂತವರ ಬಾಯಿಂದ ಕೇಳಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ, ತವರನ್ನು ನೆನೆದು ಹಂಬಲಿಸುವ ದನಿ ಅದರ ತುಂಬ ಇತ್ತು. ತವರು ಎಂದರೆ ತಾಯಿ, ಅಣ್ಣ ಅಷ್ಟೇ ಅಲ್ಲ, ಬಾವಿಕಟ್ಟೆಯಲ್ಲಿ ಜೊತೆಗೆ ನಿಂತವಳೂ ಹೌದು. ಅವಳನ್ನು ಮತ್ತೆ ನೋಡಲು ನೆಪಗಳು ಬೇಕು. ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬಂದರೆ, ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಗಾಡಿ ಹೊರಟರೆ, ಸಂಕ್ರಾಂತಿಗೆ ಎಳ್ಳು ಬೀರಲು ಹೋದರೆ ಭೇಟಿ. ಆಗ ಜಗಳವಾಡಿಕೊಂಡು ದೂರಾಗಿದ್ದವರಿಗೂ ಒಂದು ಉಪಾಯ ಸಿಗುತ್ತಿತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ಕೈಗೆ ಪೊಟ್ಟಣ ಇಟ್ಟರೆ ಮುನಿಸು ಮುಂದುವರಿಸುವುದು ಕಷ್ಟ. ಉತ್ತರ ಕರ್ನಾಟಕದಲ್ಲಿ ಆ ಕೆಲಸ ವಿಜಯದಶಮಿಯ ಬನ್ನಿಯ ಎಲೆಗೆ: ವರ್ಷವಿಡೀ ಮಾತು ಬಿಟ್ಟವರು ಅವತ್ತು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತಾರೆ. ಮುನಿದ ಗೆಳತಿಯರು ಒಂದಾಗುವ ಕಥೆಗೆ ಬೇಕಾದ ರಂಗಸಜ್ಜಿಕೆಯನ್ನು ಕ್ಯಾಲೆಂಡರೇ ಒದಗಿಸಿದೆ.

ಆ ಸಜ್ಜಿಕೆಯ ಮೇಲೆ ವೇಷವನ್ನೂ ಗೆಳೆತನವನ್ನೂ ಒಟ್ಟಿಗೆ ತಂದು ನಿಲ್ಲಿಸಿದ ಕಥೆ ರಾಜಸ್ಥಾನದ್ದು. ಬೋರುಂದಾ ಹಳ್ಳಿಯ ವಿಜಯದಾನ್ ದೇಥಾ, ಜನಪದದಿಂದ ಎಳೆ ಹಿಡಿದು, ‘ದೋಹರೀ ಜೂಣ್’ ಎಂಬ ಕಥೆ ಬರೆದರು. ಇಬ್ಬರು ಸೇಠರು ಮಕ್ಕಳು ಹುಟ್ಟುವ ಮೊದಲೇ ಬೀಗರಾಗುವ ಮಾತು ಕೊಟ್ಟುಕೊಳ್ಳುತ್ತಾರೆ. ಹುಟ್ಟಿದ್ದು ಎರಡೂ ಹೆಣ್ಣು. ವರದಕ್ಷಿಣೆಯ ಆಸೆಗೆ ಒಬ್ಬ ತನ್ನ ಮಗಳನ್ನು ಗಂಡಿನಂತೆ ಬೆಳೆಸಿ ಮದುವೆ ಮಾಡಿಬಿಡುತ್ತಾನೆ. ಮೊದಲ ರಾತ್ರಿ ಗುಟ್ಟು ಬಯಲಾಗುತ್ತದೆ. ಬೀಜಾ, ತೀಜಾ ಎಂಬ ಆ ಇಬ್ಬರಿಗೆ ಹೆಣ್ಣಾಗಿಯೇ ಒಬ್ಬರಿಗೊಬ್ಬರು ಇಷ್ಟ. ಊರು ಒಪ್ಪದಿದ್ದಾಗ ಹಾಳುಬಾವಿಯ ಭೂತಗಳು ಆಸರೆ ಕೊಡುತ್ತವೆ. ಭೂತಗಳ ವರದಿಂದ ಒಬ್ಬಳು ಗಂಡೂ ಆಗುತ್ತಾಳೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಹಳೆಯ ಕಥೆಗಳೆಲ್ಲ ಅಲ್ಲೇ ಮುಗಿದವು. ದೇಥಾರ ಕಥೆಯಲ್ಲಿ ಗಂಡಾದವಳಿಗೆ ಗಂಡಿನ ದರ್ಪವೂ ಬಂದು ಬಿರುಕು ಬಿಡುತ್ತದೆ. ಮತ್ತೆ 'ಹೆಣ್ಣಾಗಿಬಿಡುತ್ತೇನೆ' ಎಂದು ವರವನ್ನು ಹಿಂದಿರುಗಿಸಿದ ಮೇಲೆ ಇಬ್ಬರೂ ಒಂದಾಗುತ್ತಾರೆ. ಯಕ್ಷನಿಂದ ಶಿಖಂಡಿ ಪಡೆದ ಸಾಲವನ್ನು ಇಲ್ಲಿ ಕಥೆಯೇ ತೀರಿಸಿದಂತಾಯಿತು.

ಪುಸ್ತಕಲೋಕದಲ್ಲೂ ಇಂಥ ಕಥೆಗೆ ನಗುಮುಖದ ಅಂತ್ಯ ಸುಲಭವಾಗಿ ದಕ್ಕಲಿಲ್ಲ. ರ‍್ಯಾಡ್‌ಕ್ಲಿಫ್ ಹಾಲ್‌ರ ಕಾದಂಬರಿಗೆ 1928ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ನಿಷೇಧ ಹಾಕಿತು. ಇಸ್ಮತ್ ಚುಗ್ತಾಯಿ 1942ರಲ್ಲಿ ಪ್ರಕಟಿಸಿದ ‘ಲಿಹಾಫ್’ಗಾಗಿ ಲಾಹೋರಿನ ಕೋರ್ಟ್ ಮೆಟ್ಟಿಲು ಹತ್ತಿದರು, ಗೆದ್ದು ಬಂದರು. ಪ್ಯಾಟ್ರಿಷಿಯಾ ಹೈಸ್ಮಿತ್ 1952ರಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಭರವಸೆಯ ಕೊನೆ ಬರೆದರು, ಆದರೆ ಕಳ್ಳಹೆಸರಿನಲ್ಲಿ. ಕನ್ನಡದಲ್ಲಿ 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂತು, ಆದರೆ ಅದು ಗಂಡಸರ ಲೋಕದ ಕಥೆ. ಅದರ ಹಿಂದೆ ಬೆಂಗಳೂರಿನಲ್ಲಿ ಬೀದಿಗಿಳಿದವರ ದಶಕವೊಂದಿತ್ತು. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿ ‘ಸಂಗಮ’ ಸಂಸ್ಥೆ ಶುರುವಾಯಿತು. ದುಡಿಯುವ ವರ್ಗದ, ಇಂಗ್ಲಿಷ್ ಬಾರದ ಹೆಣ್ಣುಮಕ್ಕಳಿಗೂ ಜಾಗವಿರಲಿ ಎಂದು ಆಮೇಲೆ ‘ಲೆಸ್‌ಬಿಟ್’ ಎಂಬ ಗುಂಪು ಕಟ್ಟಲಾಯಿತು. 2008ರ ಜೂನ್ 29ರಂದು ದೆಹಲಿ, ಕೋಲ್ಕತ್ತಗಳ ಜೊತೆಗೆ ಬೆಂಗಳೂರಿನಲ್ಲೂ ಪ್ರೈಡ್ ಮೆರವಣಿಗೆ ಹೊರಟಿತು, ಬೆಂಗಳೂರಿಗೆ ಅದು ಮೊದಲನೆಯದು. ಬಂದವರಲ್ಲಿ ಕೆಲವರ ಮುಖಕ್ಕೆ ಮುಖವಾಡವಿತ್ತು. ಅದನ್ನು ಮಾತ್ರ ಯಾರೂ ನಗಿಸಲು ಹಾಕಿಕೊಂಡಿರಲಿಲ್ಲ.

ಕಾನೂನಿನ ದಾರಿ ಏರುಪೇರಿನದು. ಒಂದೇ ಲಿಂಗದವರ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟ್ 2009ರಲ್ಲಿ ತೆರೆದ ಬಾಗಿಲನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಮುಚ್ಚಿತು, 2018ರ ಸೆಪ್ಟೆಂಬರ್ 6ರಂದು ತಾನೇ ತೆರೆಯಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೆಯೇ ಇತ್ತು. ಮನೆಯವರು ಎಳೆದೊಯ್ದು ಕೂಡಿಹಾಕಿದ ಗೆಳತಿಯನ್ನು ಬಿಡಿಸಿಕೊಳ್ಳುವುದು ಹೇಗೆ? ಶಾಲೆಯ ದಿನಗಳಿಂದ ಒಟ್ಟಿಗಿದ್ದು, ಮನೆಯವರು ಬೇರ್ಪಡಿಸಿದ್ದ ಇಬ್ಬರನ್ನು ಕೇರಳ ಹೈಕೋರ್ಟ್ 2022ರ ಮೇ ತಿಂಗಳಲ್ಲಿ ಮತ್ತೆ ಒಟ್ಟಿಗೆ ಇರಲು ಬಿಟ್ಟಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಕೂಡಿಹಾಕಿದವರನ್ನು ಬಿಡಿಸಿಕೊಡಿ ಎಂಬ ಅರ್ಜಿ ಬಂದಾಗ ನ್ಯಾಯಾಲಯಗಳು ಹೇಗೆ ನಡೆದುಕೊಳ್ಳಬೇಕೆಂದು ಸೂಚನೆ ಕೊಟ್ಟಿತು. ಅಗಲಿದ ಗೆಳತಿಯರು ಕೂಡುವ ದೃಶ್ಯ ಹೀಗೆ ಜಾತ್ರೆಯ ಚಪ್ಪರದಿಂದ ಕೋರ್ಟಿನ ಪಡಸಾಲೆಗೆ ಬಂತು. ಅಲ್ಲಿ ವಕೀಲರಿದ್ದಾರೆ, ಪೊಲೀಸರಿದ್ದಾರೆ, ಅಳುವ ತಾಯಂದಿರಿದ್ದಾರೆ. ನಗಲು ಪುರಸೊತ್ತಿಲ್ಲ.

ತುಮಕೂರಿನಲ್ಲಿ ಇಂದು ವೀರಣ್ಣನವರ ಹೆಸರಿನ ರಂಗಮಂದಿರವಿದೆ. ಸೀತೆಯಾಗಿ ಗಂಡಸು ಬಂದ ಕಾಲ, ಭೀಮನಾಗಿ ಹೆಂಗಸು ಬಂದ ಕಾಲ, ಎರಡನ್ನೂ ಈ ಸೀಮೆಯ ಪ್ರೇಕ್ಷಕರು ನಗುತ್ತಲೇ ನೋಡಿದ್ದಾರೆ. ಆ ನಗೆಯಲ್ಲಿ ಹಗೆಯಿರಲಿಲ್ಲ, ಒಪ್ಪಂದವಿತ್ತು: ಮಂಗಳ ಹಾಡುವ ಹೊತ್ತಿಗೆ ಮೀಸೆ ಬಿಚ್ಚಿಡಬೇಕು.

ಥರ್ಸ್ಟನ್‌ರ ಸಂಪುಟದಲ್ಲಿ ಆ ಮದುವೆಯಾಟ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಗಂಡುಡುಗೆ ತೊಟ್ಟ ಮದುಮಗಳ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ವೇಷ ಕಳಚಿ, ಸೀರೆಯುಟ್ಟು, ಗಾಡಿ ಹತ್ತಿ ಅತ್ತೆಮನೆಗೆ ಹೋಗಿರುತ್ತಾಳೆ. ಒಂದು ಮಧ್ಯಾಹ್ನದ ಮಟ್ಟಿಗೆ ಅವಳ ಹೆಂಡತಿಯಾಗಿ ಮೆರವಣಿಗೆಯಲ್ಲಿ ಕೂತಿದ್ದ ಆ ಇನ್ನೊಬ್ಬ ಹುಡುಗಿಯ ಬಗ್ಗೆ ಸಂಪುಟ ಒಂದು ಮಾತೂ ಆಡುವುದಿಲ್ಲ. ಎರವಲು ತಂದ ಒಡವೆ ಬಿಚ್ಚಿಕೊಟ್ಟು, ಹಣೆಯ ಬಾಸಿಂಗ ತೆಗೆದು, ಅವಳು ಅದೇ ಬೀದಿಯಲ್ಲಿ ಮನೆಗೆ ನಡೆದಿರಬೇಕು.